ಕೊನೆಯ 56 ಸೆಕೆಂಡ್: ಸಾಲ್ಟ್ ಲೇಕ್ ಸಿಟಿಯ ಆ ಚಾಂಪಿಯನ್‌ಶಿಪ್ ರಾತ್ರಿ

(ದೈಹಿಕ ಶಿಕ್ಷಣ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಹೇಳುವಾಗ ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳಷ್ಟು ಜನ ಆ ವಿಡಿಯೊ ತುಣುಕು ನೋಡಿರುತ್ತೀರಿ. ಒಬ್ಬ ಕೈ ಮುಂದೆ ಬಿಡುತ್ತಾನೆ. ಮರುಕ್ಷಣ ಅವನ ಎಡಗಾಲು ಮೇಲೇಳುತ್ತದೆ. ಎದುರಿಗಿದ್ದ ಚಾಂಪಿಯನ್ ಅಂಗಾತ ಬೀಳುತ್ತಾನೆ. ಅಷ್ಟೇ. ಹತ್ತು ಸೆಕೆಂಡೂ ಇಲ್ಲ.

ಅದು 2022ರ ಆಗಸ್ಟ್ 20ರ ರಾತ್ರಿ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಯುಎಫ್‌ಸಿ 278. ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಕಾದಾಟದ ಆಟ ಎಂಎಂಎ; ಅದರ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿ, 278 ಅನ್ನುವುದು ಆ ರಾತ್ರಿಯ ಕ್ರಮಸಂಖ್ಯೆ. ಬಿದ್ದವನು ಕಮಾರು ಉಸ್ಮಾನ್, ಬೀಳಿಸಿದವನು ಲಿಯಾನ್ ಎಡ್ವರ್ಡ್ಸ್. ನಮಗೆ ಇಲ್ಲಿ ಆಗಲೇ ಭಾನುವಾರ ಬೆಳಗಾಗಿತ್ತು.

ಆ ತುಣುಕು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಲಕ್ ಇತ್ತು, ಗೆದ್ದ.’ ನಾನು ಇದನ್ನು ಒಪ್ಪುವುದಿಲ್ಲ. ಇವತ್ತು ನಾನು ಇಲ್ಲಿ ನಿಂತಿರುವುದೇ ಅದನ್ನು ವಾದಿಸಲು. ಅದಕ್ಕೆ ಆ ಹತ್ತು ಸೆಕೆಂಡ್ ಬಿಟ್ಟು, ಅದರ ಹಿಂದಿನ 24 ನಿಮಿಷ ನೋಡಬೇಕು. ಯಾರೂ ಶೇರ್ ಮಾಡದ 24 ನಿಮಿಷ.

ಮೊದಲು ಇಬ್ಬರ ಪರಿಚಯ ಮಾಡಿಕೊಳ್ಳೋಣ.

ಉಸ್ಮಾನ್ ಹುಟ್ಟಿದ್ದು ನೈಜೀರಿಯಾದ ಔಚಿ ಎಂಬಲ್ಲಿ. ಬಾಲ್ಯದಲ್ಲೇ ಕುಟುಂಬದ ಜೊತೆ ಅಮೆರಿಕದ ಟೆಕ್ಸಾಸ್‌ಗೆ ಬಂದ. ಅಲ್ಲಿ ಶಾಲೆಯಲ್ಲಿ ಕುಸ್ತಿ ಹಿಡಿದ. 2010ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯ ಎರಡನೇ ಶ್ರೇಣಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. 2019ರ ಮಾರ್ಚ್‌ನಲ್ಲಿ ಟೈರನ್ ವುಡ್ಲಿಯನ್ನು ಸೋಲಿಸಿ ಯುಎಫ್‌ಸಿಯ ವೆಲ್ಟರ್‌ವೇಟ್ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದ. ವೆಲ್ಟರ್‌ವೇಟ್ ಅಂದರೆ 77 ಕೆ.ಜಿ. ವಿಭಾಗ. ಆಫ್ರಿಕಾದಲ್ಲಿ ಹುಟ್ಟಿ ಯುಎಫ್‌ಸಿ ಚಾಂಪಿಯನ್ ಆದ ಮೊದಲಿಗ ಇವನೇ. ಆಮೇಲೆ ಐದು ಸಲ ಬೆಲ್ಟ್ ಉಳಿಸಿಕೊಂಡ. ಸಾಲ್ಟ್ ಲೇಕ್ ಸಿಟಿಗೆ ಬರುವಾಗ ಯುಎಫ್‌ಸಿಯಲ್ಲಿ ಸತತ 15 ಪಂದ್ಯ ಗೆದ್ದಿದ್ದ. ಇನ್ನೊಂದು ಗೆದ್ದಿದ್ದರೆ ಆಂಡರ್ಸನ್ ಸಿಲ್ವಾನ 16 ಗೆಲುವಿನ ದಾಖಲೆಗೆ ಸಮ. ತೂಕದ ಲೆಕ್ಕ ಬಿಟ್ಟು ನೋಡಿದರೆ ಜಗತ್ತಿನ ನಂಬರ್ ಒನ್ ಫೈಟರ್ ಅಂತ ಆಗ ಅವನನ್ನೇ ಕರೆಯುತ್ತಿದ್ದರು.

ಎಡ್ವರ್ಡ್ಸ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಮರದ ಹಲಗೆಯ ಗೋಡೆ, ಮೇಲೆ ತಗಡಿನ ಸೂರು. ಅಂಥ ಮನೆ. ಚಿಕ್ಕ ಹುಡುಗನಾಗಿದ್ದಾಗಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ. ಹದಿಹರೆಯದಲ್ಲಿ ತಂದೆಯನ್ನು ಕಳೆದುಕೊಂಡ. ಲಂಡನ್ನಿನ ಒಂದು ನೈಟ್‌ಕ್ಲಬ್‌ನಲ್ಲಿ ಯಾರೋ ಗುಂಡು ಹಾರಿಸಿ ಕೊಂದಿದ್ದರು. ಹುಡುಗ ಬೀದಿಯ ಗ್ಯಾಂಗುಗಳ ಸಹವಾಸಕ್ಕೆ ಬಿದ್ದ. ಅವನಿಗೆ 17 ಆದಾಗ ತಾಯಿಯೇ ಅವನನ್ನು ಒಂದು ಎಂಎಂಎ ಜಿಮ್‌ಗೆ ಸೇರಿಸಿದರು. ಆ ತಾಯಿ ಆ ದಿನ ಆ ಬಾಗಿಲು ದಾಟಿಸದಿದ್ದರೆ ಇವತ್ತು ನಾವು ಮಾತಾಡಲು ಈ ವಿಷಯವೇ ಇರುತ್ತಿರಲಿಲ್ಲ.

ಇವರಿಬ್ಬರೂ ಮೊದಲು ಎದುರಾಗಿದ್ದು 2015ರ ಡಿಸೆಂಬರ್‌ನಲ್ಲಿ, ಒರ್ಲ್ಯಾಂಡೊದಲ್ಲಿ. ಆಗ ಇಬ್ಬರೂ ಹೊಸಬರು. ಉಸ್ಮಾನ್ ಎಡ್ವರ್ಡ್ಸ್‌ನನ್ನು ಕೆಡವಿ, ಮೇಲೆ ಕೂತು, ತೀರ್ಪುಗಾರರ ಅಂಕದ ಮೇಲೆ ಗೆದ್ದ. ಆಮೇಲೆ ಎಡ್ವರ್ಡ್ಸ್ ಆರೂವರೆ ವರ್ಷ ಸೋಲಲೇ ಇಲ್ಲ. ಆದರೂ ಬೆಲ್ಟಿನ ಅವಕಾಶ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ವುಡ್ಲಿ ಜೊತೆ ದೊಡ್ಡ ಪಂದ್ಯ ನಿಗದಿಯಾಗಿತ್ತು. ಕೊರೊನಾ ಬಂತು, ರದ್ದಾಯಿತು. ಮುಂದಿನ ವರ್ಷ ಬೆಲಾಲ್ ಮುಹಮ್ಮದ್ ಜೊತೆ ಕಾದಾಡುವಾಗ ಎಡ್ವರ್ಡ್ಸ್‌ನ ಬೆರಳು ಗೊತ್ತಿಲ್ಲದೆ ಬೆಲಾಲ್‌ನ ಕಣ್ಣಿಗೆ ತಾಗಿತು. ಪಂದ್ಯ ಫಲಿತಾಂಶವಿಲ್ಲದೆ ನಿಂತಿತು. ಗೆಲ್ಲುತ್ತಲೇ ಕಾಯುವುದು ಸೋತು ಕಾಯುವುದಕ್ಕಿಂತ ಕಷ್ಟ ಅಂತ ನನಗೆ ಅನ್ನಿಸುತ್ತದೆ. ಸೋತವನಿಗೆ ಏನು ಸರಿಮಾಡಬೇಕು ಅನ್ನುವುದಾದರೂ ಗೊತ್ತಿರುತ್ತದೆ, ಅಲ್ವಾ?

ಈಗ ಪಂದ್ಯಕ್ಕೆ ಬರೋಣ.

ಚಾಂಪಿಯನ್‌ಶಿಪ್ ಪಂದ್ಯ ಅಂದರೆ ಐದು ಸುತ್ತು. ಒಂದೊಂದು ಸುತ್ತು ಐದು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಕೇಜ್, ಅಂದರೆ ಜಾಲರಿ ಕಟ್ಟಿದ ಕಣದ ಸುತ್ತ ಮೂವರು ತೀರ್ಪುಗಾರರು ಕೂತಿರುತ್ತಾರೆ. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ತೀರಾ ಏಕಪಕ್ಷೀಯವಾದರೆ 8. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದ್ದು ನಡೆಯಿತು. ಎಡ್ವರ್ಡ್ಸ್ ಉಸ್ಮಾನ್‌ನನ್ನು ಕೆಡವಿದ. ಯುಎಫ್‌ಸಿಯಲ್ಲಿ ಅಲ್ಲಿಯವರೆಗೆ ಉಸ್ಮಾನ್‌ನನ್ನು ಯಾರೂ ಒಮ್ಮೆಯೂ ಕೆಡವಿರಲಿಲ್ಲ. ಕೆಡವಿದ್ದಷ್ಟೇ ಅಲ್ಲ, ಮೇಲೆ ಹತ್ತಿದ, ಬೆನ್ನಿಗೆ ಹೋದ, ಕಾಲುಗಳಿಂದ ಸೊಂಟ ಬಿಗಿದು ಕತ್ತಿಗೆ ಕೈ ಹಾಕಲು ನೋಡಿದ. 2015ರಲ್ಲಿ ತನ್ನನ್ನು ಕುಸ್ತಿಯಲ್ಲೇ ಸೋಲಿಸಿದವನ ಎದುರು, ಅವನದೇ ವಿದ್ಯೆಯಲ್ಲಿ. ಇದನ್ನು ಯಾರಾದರೂ ಒಂದೇ ದಿನದಲ್ಲಿ ಕಲಿಯಲು ಆಗುತ್ತದೆಯೇ? ಲಕ್ ಅನ್ನುವವರಿಗೆ ನನ್ನ ಮೊದಲ ಉತ್ತರ ಈ ಸುತ್ತು.

ಆಮೇಲೆ ಎರಡು, ಮೂರು, ನಾಲ್ಕು. ಮೂರೂ ಉಸ್ಮಾನ್‌ನ ಸುತ್ತುಗಳು.

ಈ ಮೂರು ಸುತ್ತುಗಳ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಯಾಕೆಂದರೆ ಟಿವಿಯಲ್ಲಿ ನೋಡುವಾಗ ನಮ್ಮ ಹುಡುಗರು ಫೋನ್ ಕೈಗೆತ್ತಿಕೊಳ್ಳುವುದು ಇಲ್ಲೇ. ‘ಏನೂ ಆಗ್ತಿಲ್ಲ’ ಅಂತಾರೆ. ಎಲ್ಲವೂ ಆಗುತ್ತಿರುವುದೇ ಇಲ್ಲಿ.

ನಮ್ಮ ಮಣ್ಣಿನ ಕುಸ್ತಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಚಿತ್. ಪೈಲ್ವಾನನ ಗುರಿಯೆಲ್ಲ ಅಷ್ಟೇ. ಎಂಎಂಎಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಏನೂ ಮುಗಿಯುವುದಿಲ್ಲ. ಕೆಳಗಿದ್ದವನು ಅಲ್ಲಿಂದಲೇ ಕೈ ತಿರುಚಬಹುದು, ಕತ್ತು ಹಿಡಿಯಬಹುದು, ಮೇಲೇಳಬಹುದು. ಮೇಲೇಳಲು ಅವನಿಗೆ ಸಹಾಯ ಮಾಡುವುದು ಸುತ್ತಲಿನ ಜಾಲರಿ. ಅದಕ್ಕೆ ಬೆನ್ನು ಕೊಟ್ಟು ಇಂಚಿಂಚೇ ಏಳುತ್ತಾನೆ. ಆದರೆ ಜಾಲರಿಯನ್ನು ಬೆರಳಿನಿಂದ ಹಿಡಿಯುವಂತಿಲ್ಲ, ಅದು ಫೌಲ್.

ಇನ್ನೊಂದು ಕಡೆ, ಕುಸ್ತಿ ಬಲ್ಲವನಿಗೂ ಅದೇ ಜಾಲರಿ ಆಯುಧ. ಎದುರಾಳಿಯನ್ನು ಅದಕ್ಕೆ ಒತ್ತಿ ನಿಲ್ಲಿಸುತ್ತಾನೆ. ತನ್ನ ತಲೆಯನ್ನು ಅವನ ಗದ್ದದ ಕೆಳಗೆ ಇಡುತ್ತಾನೆ. ತೋಳನ್ನು ಕಂಕುಳಲ್ಲಿ ತೂರಿಸುತ್ತಾನೆ. ಮೊಣಕಾಲಿನಿಂದ ತೊಡೆಗೆ ಕುಟ್ಟುತ್ತಾನೆ. ತನ್ನ ಮೈತೂಕವನ್ನೆಲ್ಲ ಅವನ ಮೇಲೆ ಹೇರುತ್ತಾನೆ. ದೂರದಿಂದ ನೋಡಿದರೆ ಇಬ್ಬರು ತಬ್ಬಿಕೊಂಡು ನಿಂತಂತೆ ಕಾಣುತ್ತದೆ. ಒಳಗೆ ಒಬ್ಬನ ಉಸಿರು ಸೋರಿಹೋಗುತ್ತಿರುತ್ತದೆ. ಹೆಗಲು ಸೋಲುತ್ತದೆ, ತೊಡೆ ನಡುಗುತ್ತದೆ. ಆಮೇಲೆ ಕಾಲೆತ್ತಿ ಒದೆಯುವುದು ಇರಲಿ, ಕೈಯನ್ನು ಮುಖದ ಎತ್ತರಕ್ಕೆ ಹಿಡಿಯುವುದೇ ಕಷ್ಟ.

ಇದಕ್ಕೆ ಊರಿನ ಎತ್ತರವೂ ಸೇರಿತು. ಸಾಲ್ಟ್ ಲೇಕ್ ಸಿಟಿ ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದೆ. ನಮ್ಮ ಮಡಿಕೇರಿಗಿಂತಲೂ ಎತ್ತರ. ಅಲ್ಲಿನ ಗಾಳಿ ತೆಳು. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಸುಮ್ನೆ ಮೆಟ್ಟಿಲು ಹತ್ತುವವರಿಗೆ ಅಷ್ಟಾಗಿ ಗೊತ್ತಾಗದಿರಬಹುದು. 25 ನಿಮಿಷ ಕಾದಾಡುವವನಿಗೆ ಎರಡನೇ ಸುತ್ತಿನಲ್ಲೇ ಗೊತ್ತಾಗುತ್ತದೆ. ಕಳೆದುಕೊಂಡ ಉಸಿರು ಬಿಡುವಿನಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ.

ಆ ರಾತ್ರಿಯ ಉಳಿದ ಪಂದ್ಯಗಳಲ್ಲೂ ಇದು ಕಾಣುತ್ತಿತ್ತು. ಮಾಜಿ ಚಾಂಪಿಯನ್ ಲ್ಯೂಕ್ ರಾಕ್‌ಹೋಲ್ಡ್ ವರ್ಷಗಳ ನಂತರ ಮರಳಿ ಬಂದು ಪೌಲೊ ಕೋಸ್ಟಾ ಎದುರು ನಿಂತ. ಸುತ್ತಿನ ನಡುವೆಯೇ ಸೊಂಟದ ಮೇಲೆ ಕೈಯಿಟ್ಟು ಉಸಿರು ಹುಡುಕುತ್ತಿದ್ದ. ಮೂಗಿನಿಂದ ರಕ್ತ. ಸೋತ, ಆದರೆ ಕೊನೆಯ ಬೆಲ್ ಹೊಡೆಯುವವರೆಗೂ ನಿಂತ. ಅಲ್ಲೇ ಕಣ್ಣೀರು ಹಾಕಿ ನಿವೃತ್ತಿ ಹೇಳಿದ. ಅದಕ್ಕೂ ಮುಂಚೆ ಜೋಸೆ ಆಲ್ಡೊ ಮತ್ತು ಮೆರಾಬ್ ದ್ವಾಲಿಶ್ವಿಲಿ. ಮೆರಾಬ್ ಮತ್ತೆ ಮತ್ತೆ ಕೆಡವಲು ನುಗ್ಗಿದ. ಆಲ್ಡೊ ಒಮ್ಮೆಯೂ ಬೀಳಲಿಲ್ಲ. ಆದರೂ ಪಂದ್ಯ ಮೆರಾಬ್‌ಗೆ ಹೋಯಿತು. ಬೀಳದೆ ನಿಲ್ಲುವುದರಲ್ಲೇ ಆಲ್ಡೊನ ಸಮಯವೆಲ್ಲ ಕಳೆದುಹೋಗಿತ್ತು, ತಿರುಗಿ ಹೊಡೆಯಲು ಏನೂ ಉಳಿದಿರಲಿಲ್ಲ. ಆ ಪಂದ್ಯ ನೋಡಿ ನನಗೆ ಬೇಸರವಾಗಿದ್ದು ನಿಜ. ಆದರೆ ಜಾಲರಿಯ ಒತ್ತಡ ಅಂದರೆ ಏನು ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುಖ್ಯ ಪಂದ್ಯಕ್ಕೆ ವಾಪಸ್. ನಾಲ್ಕನೇ ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಚೀಟಿಯಲ್ಲೂ 39–37, ಉಸ್ಮಾನ್ ಮುಂದೆ. ಈಗ ಲೆಕ್ಕ ಹಾಕಿ. ಕೊನೆಯ ಸುತ್ತನ್ನು ಎಡ್ವರ್ಡ್ಸ್ 10–9ರಲ್ಲಿ ಗೆದ್ದರೂ 48–47, ಉಸ್ಮಾನ್‌ಗೇ ಗೆಲುವು. 10–8ರಲ್ಲಿ ಗೆದ್ದರೆ 47–47, ಡ್ರಾ. ಡ್ರಾ ಆದರೆ ಬೆಲ್ಟ್ ಚಾಂಪಿಯನ್ ಹತ್ತಿರವೇ ಉಳಿಯುತ್ತದೆ. ಅಂದರೆ ಎಡ್ವರ್ಡ್ಸ್‌ಗೆ ಇದ್ದ ದಾರಿ ಒಂದೇ, ಅಂಕಕ್ಕೆ ಬಿಡದೆ ಉಸ್ಮಾನ್‌ನನ್ನು ಬೀಳಿಸಿಯೋ ಶರಣಾಗಿಸಿಯೋ ಪಂದ್ಯವನ್ನು ಅಲ್ಲೇ ಮುಗಿಸಬೇಕು. ಚೀಟಿಯ ಅಂಕ ಆಗ ಯಾರಿಗೂ ಕಾಣುವುದಿಲ್ಲ. ಆದರೆ ಕಾರ್ನರ್‌ನಲ್ಲಿ ಇದ್ದ ಅವನ ಕೋಚ್ ಕಡೆಯವರಿಗೆ ಅದು ಕಾಣದಿದ್ದರೂ ಗೊತ್ತಿತ್ತು.

ಆ ಒಂದು ನಿಮಿಷದ ಬಿಡುವು. ದಯವಿಟ್ಟು ಇದನ್ನು ಹುಡುಕಿ ನೋಡಿ. ಎಡ್ವರ್ಡ್ಸ್ ಸ್ಟೂಲಿನ ಮೇಲೆ ಕೂತಿದ್ದಾನೆ. ಮುಖದಲ್ಲಿ ಕಳೆಯಿಲ್ಲ. ಎದುರಿಗೆ ಮಂಡಿಯೂರಿದ ಕೋಚ್ ಡೇವ್ ಲೊವೆಲ್ ಗದರುತ್ತಿದ್ದಾರೆ. ನಿನಗೆ ಏನಾಗಿದೆ ಅಂತ ಕೇಳುತ್ತಾರೆ. ನಿನ್ನ ಮೇಲೆ ನೀನೇ ಮರುಕಪಟ್ಟುಕೊಂಡು ಕೂರಬೇಡ ಅಂತಾರೆ. ಅವನು ನಿನ್ನನ್ನು ದಬಾಯಿಸಲು ಬಿಡಬೇಡ, ಹೋಗಿ ಈ ಪಂದ್ಯವನ್ನು ಬೆಂಕಿಯೊಳಗಿಂದ ಎತ್ತಿಕೊಂಡು ಬಾ ಅಂತಾರೆ. ಆ ದನಿಯಲ್ಲಿ ಸಿಟ್ಟಿದೆ, ಸಿಟ್ಟಿನ ಕೆಳಗೆ ಅಕ್ಕರೆ ಇದೆ. ಗರಡಿಯ ಉಸ್ತಾದರ ಬಾಯಲ್ಲಿ ಇಂಥ ಬೈಗುಳ ಕೇಳಿದವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಎದ್ದುಹೋಗುವಾಗ ಹುಡುಗ ಒಂದು ಮಾತನ್ನೂ ಆಡುವುದಿಲ್ಲ.

ಐದನೇ ಸುತ್ತು ಶುರುವಾದ ಮೇಲೂ ಏನೂ ಬದಲಾಗಲಿಲ್ಲ ಅಂತಲೇ ಎಲ್ಲರಿಗೂ ಅನ್ನಿಸಿತು. ನಾಲ್ಕು ನಿಮಿಷ ಕಳೆಯಿತು. ಕಾಮೆಂಟ್ರಿಯಲ್ಲಿ ಎಡ್ವರ್ಡ್ಸ್ ಕುಗ್ಗಿಹೋಗಿದ್ದಾನೆ ಅನ್ನುವ ಧಾಟಿಯ ಮಾತು ನಡೆಯುತ್ತಿತ್ತು. ಅವನು ಆ ಜಾಯಮಾನದವನಲ್ಲ ಅಂತ ಕಾಮೆಂಟೇಟರ್ ಜಾನ್ ಆನಿಕ್ ಹೇಳುತ್ತಿದ್ದಂತೆಯೇ ಆ ಎಡಗಾಲು ಬಂತು. ಗಡಿಯಾರದಲ್ಲಿ 4 ನಿಮಿಷ 4 ಸೆಕೆಂಡ್. ಉಳಿದದ್ದು 56.

ಈಗ ಆ ಒದೆತವನ್ನು ನಿಧಾನವಾಗಿ ಬಿಡಿಸಿ ನೋಡೋಣ. ಎಡ್ವರ್ಡ್ಸ್ ಸೌತ್‌ಪಾ. ಅಂದರೆ ಬಲಗಾಲು ಮುಂದೆ, ಎಡಗಾಲು ಹಿಂದೆ ಇಟ್ಟು ನಿಲ್ಲುವವನು. ಅವನ ಬಲವಾದ ಏಟುಗಳೆಲ್ಲ ಎಡದಿಂದ ಬರುತ್ತವೆ. ಎಡಗೈಯ ನೇರ ಗುದ್ದು, ಎಡಗಾಲಿನ ಒದೆತ. ಎರಡೂ ಶುರುವಾಗುವುದು ಒಂದೇ ತರಹ, ಸೊಂಟ ಮತ್ತು ಹೆಗಲು ಮುಂದಕ್ಕೆ ತಿರುಗುತ್ತವೆ. ಎದುರಿಗಿದ್ದವನಿಗೆ ಯಾವುದು ಬರುತ್ತಿದೆ ಅಂತ ತೀರ್ಮಾನಿಸಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಸಮಯ. ಎಡ್ವರ್ಡ್ಸ್ ಕೈ ತೋರಿಸಿದ. ಗುದ್ದು ಬರುತ್ತಿದೆ ಅಂತ ಉಸ್ಮಾನ್ ಅದನ್ನು ತಡೆಯಲು ಕೈ ಮುಂದೆ ತಂದು ತಲೆ ವಾಲಿಸಿದ. ಗುದ್ದಿಗೆ ಅದು ಸರಿಯಾದ ಉತ್ತರವೇ. ಆದರೆ ತಲೆ ವಾಲಿದ ದಿಕ್ಕಿನಿಂದಲೇ ಕಾಲು ಬರುತ್ತಿತ್ತು.

ಉಸ್ಮಾನ್ ತಪ್ಪು ಮಾಡಿದ ಅಂತ ನಾನು ಹೇಳುವುದಿಲ್ಲ. ಸಾವಿರ ಸಲ ಕಲಿತದ್ದನ್ನು ಅವನ ಮೈ ತಾನಾಗಿ ಮಾಡಿತು. ಆ ಅಭ್ಯಾಸವನ್ನೇ ಎಡ್ವರ್ಡ್ಸ್ ಬಳಸಿಕೊಂಡ. ಇಷ್ಟಾಗಲು ಎರಡು ವಿಷಯ ಬೇಕು. ಎದುರಾಳಿ ಯಾವುದಕ್ಕೆ ಹೇಗೆ ಸ್ಪಂದಿಸುತ್ತಾನೆ ಅಂತ ಓದಿರಬೇಕು. ಮತ್ತೆ 24 ನಿಮಿಷ ಒತ್ತಿಸಿಕೊಂಡು, ತೆಳು ಗಾಳಿಯಲ್ಲಿ ಉಸಿರು ಕಳೆದುಕೊಂಡ ಮೇಲೂ ಕಾಲು ತಲೆಯ ಎತ್ತರಕ್ಕೆ ಏಳಬೇಕು. ಯೋಚಿಸಿ ಒದೆಯುವ ಶಕ್ತಿ ಆಗ ಯಾರಿಗೂ ಇರುವುದಿಲ್ಲ. ಮೈಯೇ ಮಾಡಬೇಕು. ಮೈ ಮಾಡುವುದು ಜಿಮ್ಮಿನಲ್ಲಿ ಮಾಡಿದ್ದನ್ನು ಮಾತ್ರ.

ಇನ್ನೊಂದು ವಿಷಯ ಇದೆ. 2021ರ ಜೂನ್‌ನಲ್ಲಿ ಅರಿಜೋನಾದ ಗ್ಲೆಂಡೇಲ್‌ನಲ್ಲಿ ಎಡ್ವರ್ಡ್ಸ್ ನೇಟ್ ಡಿಯಾಜ್ ಜೊತೆ ಐದು ಸುತ್ತು ಕಾದಾಡಿದ್ದ. ಉದ್ದಕ್ಕೂ ಎಡ್ವರ್ಡ್ಸ್‌ನದೇ ಮೇಲುಗೈ. ಆದರೆ ಐದನೇ ಸುತ್ತಿನ ಕೊನೆಯ ನಿಮಿಷದಲ್ಲಿ ಡಿಯಾಜ್‌ನ ಒಂದು ಗುದ್ದು ಬಿತ್ತು. ಎಡ್ವರ್ಡ್ಸ್‌ನ ಕಾಲು ಕುಸಿಯಿತು, ತೂರಾಡಿದ, ಹೇಗೋ ತಡೆದುಕೊಂಡು ಅಂಕದ ಮೇಲೆ ಗೆದ್ದ. ಗೆಲುವು ಕೈಯಲ್ಲಿದೆ ಅಂತ ತಿಳಿದವನಿಗೆ ಕೊನೆಯ ನಿಮಿಷ ಎಷ್ಟು ಅಪಾಯ ಅನ್ನುವುದನ್ನು ಅವನು ತನ್ನ ಮೈಮೇಲೇ ಅನುಭವಿಸಿದ್ದ. ಒಂದು ವರ್ಷದ ನಂತರ ಅದೇ ನಿಮಿಷದಲ್ಲಿ ಅವನು ಆಚೆ ಬದಿಯಲ್ಲಿ ನಿಂತಿದ್ದ.

ಗೆದ್ದ ಮೇಲೆ ಅವನು ಮೈಕಿನಲ್ಲಿ ಕೂಗಿದ್ದನ್ನು ನೀವು ಕೇಳಿರಬಹುದು. ಜಮೈಕಾದಲ್ಲಿ ಏನೂ ಇಲ್ಲದೆ ಹುಟ್ಟಿದವನು ನಾನು, ನನ್ನ ಕೈಲಾಗಲ್ಲ ಅಂದರು, ಈಗ ನೋಡಿ ಅಂತ. ಕ್ರೀಡಾಪಟುಗಳ ಗೆಲುವಿನ ಮಾತುಗಳನ್ನು ಬಹಳ ಕೇಳಿದ್ದೇನೆ. ಇದು ಕೇಳುವಾಗ ಇವತ್ತಿಗೂ ಕಣ್ಣು ತುಂಬುತ್ತದೆ. ಅವನು ಬ್ರಿಟನ್ನಿನ ಎರಡನೇ ಯುಎಫ್‌ಸಿ ಚಾಂಪಿಯನ್. ಮೊದಲನೆಯವನು ಮೈಕಲ್ ಬಿಸ್ಪಿಂಗ್.

ಲಕ್ ಅನ್ನುವವರು ಇನ್ನೂ ಒಪ್ಪಲಿಕ್ಕಿಲ್ಲ. ಅವರಿಗೆ 2023ರ ಮಾರ್ಚ್ 18 ಇದೆ. ಲಂಡನ್, ಯುಎಫ್‌ಸಿ 286, ಅದೇ ಇಬ್ಬರು. ಈ ಸಲ ಒಂದೇ ಏಟಿನ ಪವಾಡ ಏನೂ ಇಲ್ಲ. ಎಡ್ವರ್ಡ್ಸ್ ತನ್ನನ್ನು ಕೆಡವಲು ಉಸ್ಮಾನ್ ಮಾಡಿದ ಪ್ರಯತ್ನಗಳಲ್ಲಿ ಬಹುಪಾಲನ್ನು ತಡೆದ. ಕಾಲಿಗೆ, ಹೊಟ್ಟೆಗೆ ಒದ್ದು ಒದ್ದು ದೂರ ಇಟ್ಟ. ಜಾಲರಿ ಹಿಡಿದದ್ದಕ್ಕೆ ಒಂದು ಅಂಕ ಕಳೆದುಕೊಂಡ. ಆದರೂ ಇಬ್ಬರು ತೀರ್ಪುಗಾರರು 48–46 ಅವನಿಗೆ ಕೊಟ್ಟರು, ಮೂರನೆಯವರು 47–47. ಐದು ಸುತ್ತು, 25 ನಿಮಿಷ, ಪೂರ್ತಿ ಗೆಲುವು. ಲಕ್ 25 ನಿಮಿಷ ಇರುವುದಿಲ್ಲ. 2024ರ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೆಲಾಲ್ ಮುಹಮ್ಮದ್ ಅವನಿಂದ ಬೆಲ್ಟ್ ಕಿತ್ತುಕೊಂಡ. ಹೌದು, ಹಿಂದೊಮ್ಮೆ ಕಣ್ಣಿಗೆ ಬೆರಳು ತಾಗಿದ್ದು ಅವನಿಗೇ.

ಮಾತು ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದರು: ತಲೆಗೆ ಒದ್ದು ಪ್ರಜ್ಞೆ ತಪ್ಪಿಸುವುದನ್ನು ನೀವು ಇಷ್ಟು ಪ್ರೀತಿಯಿಂದ ಹೇಳುವುದು ಸರಿಯೇ? ನಾವು ನಾಳೆ ಮಕ್ಕಳಿಗೆ ಕಲಿಸುವವರಲ್ಲವೇ?

ಕೇಳಲೇಬೇಕಾದ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವಿಭಾಗ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು, ನಿಷೇಧಿಸಬೇಕು ಅಂತ ಹೋರಾಡಿದರು. ಆ ಒತ್ತಡದಿಂದಲೇ ಈ ಆಟ ಬದಲಾಯಿತು ಅಂತ ನಾನು ನಂಬಿದ್ದೇನೆ. 2000ದ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಒಂದು ಸಮಾನ ನಿಯಮಾವಳಿ ರೂಪುಗೊಂಡಿತು. ತಲೆಯಿಂದ ಗುದ್ದುವಂತಿಲ್ಲ, ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ, ನೆಲಕ್ಕೆ ಬಿದ್ದವನ ತಲೆಗೆ ಒದೆಯುವಂತಿಲ್ಲ. ಪಂದ್ಯಕ್ಕೆ ಮೊದಲು ವೈದ್ಯರ ತಪಾಸಣೆ, ಕೇಜ್ ಪಕ್ಕ ವೈದ್ಯರು. ಪ್ರಜ್ಞೆ ತಪ್ಪಿ ಸೋತವನನ್ನು ಇಷ್ಟು ದಿನ ಕಾದಾಡುವಂತಿಲ್ಲ ಅಂತ ರಾಜ್ಯದ ಕ್ರೀಡಾ ಆಯೋಗವೇ ಹೊರಗೆ ಕೂರಿಸುತ್ತದೆ. ಉಸ್ಮಾನ್ ಬಿದ್ದ ತಕ್ಷಣ ರೆಫರಿ ನಡುವೆ ಬಂದರು, ವೈದ್ಯರು ಒಳಗೆ ಬಂದರು. ಅವನು ಎದ್ದ, ಸೋಲನ್ನು ನೆಪ ಹೇಳದೆ ಒಪ್ಪಿಕೊಂಡ, ಮತ್ತೆ ಕಣಕ್ಕೆ ಬಂದ. ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಮಿದುಳಿಗೆ ಬೀಳುವ ಏಟು ಏಟೇ. ಇದನ್ನು ಮುಚ್ಚಿಟ್ಟು ನಾನು ಈ ಆಟವನ್ನು ಹೊಗಳುವುದಿಲ್ಲ.

ಈಗ ನಮ್ಮ ಊರಿನ ಮಾತು. ಸಾಲ್ಟ್ ಲೇಕ್ ಸಿಟಿಯ ಆ ರಾತ್ರಿಗೆ ಇನ್ನು ಒಂದೂವರೆ ತಿಂಗಳೂ ಇಲ್ಲದಾಗ, 2022ರ ಜುಲೈನಲ್ಲಿ, ಬೆಂಗಳೂರಿನಲ್ಲಿ ನಡೆದ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಏಟು ಬಿದ್ದು ಕುಸಿದ. ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದರು. ಆ ಹುಡುಗನಿಗೂ ಎಡ್ವರ್ಡ್ಸ್‌ಗೆ ಇದ್ದಂಥ ಆಸೆಯೇ ಇದ್ದಿರಬೇಕು.

ನಮ್ಮವರು ಈ ಆಟಕ್ಕೆ ಬರುತ್ತಲೇ ಇದ್ದಾರೆ, ಇನ್ನೂ ಬರುತ್ತಾರೆ. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅದನ್ನು ನೋಡಿದ ಹುಡುಗಿಯರು ನಾಳೆ ನಿಮ್ಮ ಶಾಲೆಯಲ್ಲೇ ‘ಮೇಡಂ, ನನಗೂ ಕಲಿಸಿ’ ಅಂತ ಬರುತ್ತಾರೆ. ಬೇಡ ಅನ್ನಬೇಡಿ. ಅವರಿಗೆ ಬೀಳುವುದನ್ನು ಮೊದಲು ಕಲಿಸಿ, ಹೊಡೆಯುವುದನ್ನು ಆಮೇಲೆ. ಅಭ್ಯಾಸದಲ್ಲಿ ತಲೆಗೆ ಜೋರಾಗಿ ಹೊಡೆದಾಡಲು ಬಿಡಬೇಡಿ. ತಲೆಸುತ್ತು, ವಾಂತಿ, ಮಂಕು ಕಂಡರೆ ಆ ಮಗುವಿಗೆ ಅವತ್ತಿನ ಆಟ ಮುಗಿಯಿತು, ಯಾರು ಏನೇ ಅನ್ನಲಿ.

ಇನ್ನು ನೀವೇ ಪಂದ್ಯ ನಡೆಸುವ ದಿನ ಬಂದರೆ, ಬ್ಯಾನರ್ ಕಟ್ಟುವ ಮೊದಲು, ಮುಖ್ಯ ಅತಿಥಿಗೆ ಹಾರ ತರಿಸುವ ಮೊದಲು ವೈದ್ಯರು ಬಂದಿದ್ದಾರಾ ನೋಡಿ. ಆಂಬುಲೆನ್ಸ್ ಗೇಟಿನ ಹತ್ತಿರ ನಿಂತಿದೆಯಾ, ಡ್ರೈವರ್ ಅದರೊಳಗೇ ಇದ್ದಾನಾ, ಹತ್ತಿರದ ದೊಡ್ಡ ಆಸ್ಪತ್ರೆಗೆ ಎಷ್ಟು ನಿಮಿಷದ ದಾರಿ ಅಂತ ಕೇಳಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬೆಲ್ ಹೊಡೆಯಲು ಬಿಡಬೇಡಿ.